ನೀಲಿ ಗಾಜು ನುಂಗಿದ ನಕ್ಷತ್ರ

ನಾನು ಚಿಕ್ಕವನಿದ್ದಾಗ ಒಂದು ಸಂಜೆ ಅತ್ತಷ್ಟು ಆಮೇಲೆ ಎಂದೂ ಅತ್ತಿಲ್ಲ. ದೇಶಕ್ಕೆ ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು. ನಮ್ಮ ಮನೆ ಮೈಸೂರಿನ ವಿದ್ಯಾರಣ್ಯಪುರಂನಲ್ಲಿ. ಸಂಕ್ರಾಂತಿ ಕಳೆದ ವಾರ ನನ್ನ ಮೈತುಂಬ ಸೀತಾಳೆ ಸಿಡುಬಿನ ಗುಳ್ಳೆ ಎದ್ದವು. ಆಗ ಅದನ್ನು ಕಾಯಿಲೆ ಎನ್ನುತ್ತಿರಲಿಲ್ಲ. ‘ಅಮ್ಮ ಬಂದಿದ್ದಾಳೆ’ ಎನ್ನುತ್ತಿದ್ದರು, ದೇವಿಯೇ ಮನೆಗೆ ಬಂದು ಕೂತ ಹಾಗೆ. ಅವಳಿಗೆ ಸಿಟ್ಟು ಬರಬಾರದೆಂದು ಮನೆಯಲ್ಲಿ ಒಗ್ಗರಣೆ ಕೂಡ ಹಾಕಲಿಲ್ಲ. ನನ್ನನ್ನು ಹಿಂದಿನ ಕೋಣೆಯಲ್ಲಿ ಬೇವಿನ ಸೊಪ್ಪು ಹಾಸಿ ಮಲಗಿಸಿದರು.

ಅದೇ ವಾರ ನಮ್ಮ ಶಾಲೆಯ ಮೈದಾನಕ್ಕೆ ಕಾಲೇಜಿನ ಮೇಷ್ಟರೊಬ್ಬರು ನಕ್ಷತ್ರ ತೋರಿಸಲು ದುರ್ಬೀನು ತರುವವರಿದ್ದರು. ಒಂದೇ ಒಂದು ಸಂಜೆ! ತಿಂಗಳಿಂದ ದಿನ ಎಣಿಸುತ್ತಿದ್ದೆ. ನಾನು ಕದ್ದು ಓಡಿಯೇನೆಂದು ಅಪ್ಪ ಹೊರಗಿನಿಂದ ಚಿಲಕ ಹಾಕಿದರು. ಬಾಗಿಲು ಬಡಿದೆ, ಗೋಗರೆದೆ. ಬೇವಿನ ಕಹಿ ವಾಸನೆ, ಮೈಯೆಲ್ಲ ನವೆ, ಕೆರೆದುಕೊಳ್ಳುವಂತಿಲ್ಲ. ಗೆಳೆಯರು ಕೇಕೆ ಹಾಕುತ್ತ ಮೈದಾನಕ್ಕೆ ಓಡುವುದು ಕೇಳಿಸಿತು. “ಹಾಳು ಅಮ್ಮ, ತೊಲಗು!” ಎಂದು ದೇವಿಯನ್ನೇ ಬೈದೆ.

ಕಿಟಕಿಗೆ ಕೆಂಪು, ನೀಲಿ ಗಾಜುಗಳಿದ್ದವು. ಒಂದು ಚೌಕದ ಗಾಜು ಒಡೆದುಹೋಗಿತ್ತು. ಅಲ್ಲಿಂದ ನೋಡಿದರೆ ಪೂರ್ವದಲ್ಲಿ ಎರಡು ದೊಡ್ಡ ನಕ್ಷತ್ರಗಳು. ಒಂದು ಕೆಂಪಗೆ, ಕೆಂಡದ ಹಾಗೆ, ಇನ್ನೊಂದು ಬೆಳ್ಳಗೆ. ನೀಲಿ ಗಾಜಿಗೆ ಕಣ್ಣು ಹಚ್ಚಿದೆ. ಬೆಳ್ಳಗಿನದು ಇತ್ತು, ಕೆಂಪಗಿನದು ಮಾಯ! ಬಾಗಿಲಿಗೆ ಓಡಿ ಕೂಗಿದೆ.

“ಅಕ್ಕಾ, ಅಮ್ಮ ಸಿಟ್ಟಾಗಿ ನಕ್ಷತ್ರ ನುಂಗ್ಬುಟ್ಳು!”

“ಅಂಗೆಲ್ಲ ಇಲ್ಲ ಕಣೋ. ಕೆಂಪು ಗಾಜಲ್ಲಿ ನೋಡು,” ಎಂದಳು ಹೈಸ್ಕೂಲು ಓದುತ್ತಿದ್ದ ಅಕ್ಕ, ಬಾಗಿಲಾಚೆಯಿಂದ.

ನೋಡಿದೆ. ಕೆಂಪಗಿನದು ಚೆನ್ನಾಗಿಯೇ ಬೆಳಗುತ್ತಿತ್ತು, ಬೆಳ್ಳಗಿನದೇ ಮಂಕಾಗಿತ್ತು. ಆಗ ಹೊಳೆಯಿತು, ಅಕ್ಕ ಮನೆಯಲ್ಲೇ ಇದ್ದಾಳೆ!

“ನೀನು ದುರ್ಬೀನು ನೋಡೋಕೆ ಹೋಗ್ಲಿಲ್ವಾ?”

“ನಿನ್ನ ಬುಟ್ಟು ಎಂಗೋ ಹೋಗ್ಲಿ?”

ಮತ್ತೆ ಅಳು ಬಂತು.

ನೀಲಿ ಗಾಜು ಕೆಂಪು ಬೆಳಕನ್ನು ತಡೆದಿತ್ತು, ಅಷ್ಟೇ ಎಂದು ಆಮೇಲೆ ಓದಿ ತಿಳಿದೆ. ದೊಡ್ಡವನಾದ ಮೇಲೆ ಆ ಗಾಜಿನಾಟವೇ ನನ್ನ ನೌಕರಿಯಾಯಿತು. ದೂರದರ್ಶಕಕ್ಕೆ ಬಣ್ಣದ ಗಾಜು ಒಂದೊಂದಾಗಿ ಹಾಕಿ, ಯಾವುದರಲ್ಲಿ ನಕ್ಷತ್ರ ಎಷ್ಟು ಬೆಳಗುತ್ತದೆಂದು ಅಳೆದು, ನೀಲಿಯಲ್ಲಿ ಬೆಳಗುವುದು ಹೆಚ್ಚು ಬಿಸಿಯದು, ಕೆಂಪಿನಲ್ಲಿ ಬೆಳಗುವುದು ಕಡಿಮೆ ಬಿಸಿಯದು ಎಂದು ವಿಂಗಡಿಸುವ ಕೆಲಸ. ಸಾವಿರಾರು ನಕ್ಷತ್ರ ಅಳೆದೆ. ಆದರೂ ಆ ಸಂಜೆ ತಪ್ಪಿಹೋದ ಸಂಕಟ ಇವತ್ತಿಗೂ ಹೋಗಿಲ್ಲ.

ಮೊಮ್ಮಕ್ಕಳೇ, ನಿಮಗೆ ಚುಚ್ಚುಮದ್ದಿದೆ, ಫೋನು ತೆರೆದರೆ ಆಕಾಶವೆಲ್ಲ ಇದೆ. ಮೊನ್ನೆ ತಾರಸಿಯ ಮೇಲೆ ದೂರದರ್ಶಕ ಇಟ್ಟು ಕರೆದರೆ, “ಆಮೇಲೆ ಬರ್ತೀವಿ ತಾತ” ಅಂದಿರಿ. ಒಬ್ಬನೇ ನಿಂತಿದ್ದೆ. ನಿಮ್ಮ ಬಾಗಿಲಿಗೆ ಯಾರೂ ಚಿಲಕ ಹಾಕಿಲ್ಲ. ಬರಬಹುದಾದವರು ಬಾರದಿದ್ದರೆ ನನಗೆ ಸಂಕಟವಾಗುತ್ತದೆ.