ಕುದುರೆ ನೋಡುವ ಶಾಲಿನಿಬಾಯಿ

ಶಾಲಿನಿಬಾಯಿ ಮನುಷ್ಯರ ಮುಖಕ್ಕಿಂತ ಮೊದಲು ಕಾಲು ನೋಡುತ್ತಿದ್ದರು. ಹೆಗಲುನೋವೆಂದು ಕಾರವಾರದ ಅವರ ಕ್ಲಿನಿಕ್ಕಿಗೆ ನಾನು ಮೊದಲ ಸಲ ಹೋದಾಗ ಕೂತುಕೊಳ್ಳಿ ಎನ್ನಲಿಲ್ಲ. "ಗೇಟಿನ ತನಕ ನಡೀರಿ. ತಿರುಗಿ ಬನ್ನಿ" ಎಂದರು. ಸಾಲದ್ದಕ್ಕೆ ನಾಲಿಗೆಯಲ್ಲಿ ಟಕ್ ಟಕ್ ಎನಿಸಿ ಇನ್ನೂ ಜೋರಾಗಿ ನಡೆಸಿದರು. ಶಾಲೆಯಲ್ಲಿ ಮಕ್ಕಳನ್ನು ಸಾಲುಗಟ್ಟಿಸಿ ನಡೆಸುವ ನಾನು ಆ ಟಕ್ ಟಕ್‌ಗೆ ತಕ್ಕಂತೆ ಓಡಾಡಿದೆ.

ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು. ಪುಣೆಯಲ್ಲಿ ವರ್ಷಗಟ್ಟಲೆ ರೇಸಿನ ಕುದುರೆಗಳಿಗೂ ಅವುಗಳ ಸವಾರರಿಗೂ ಫಿಸಿಯೋಥೆರಪಿ ಮಾಡಿ, ಆಗಷ್ಟೇ ಊರ ಕಡೆ ಬಂದಿದ್ದರು. ಊರು ಅಂಕೋಲೆಯ ಭಾವಿಕೇರಿ. ಕ್ಲಿನಿಕ್ಕಿನ ಜಗಲಿಯಲ್ಲಿ ಸರದಿ ಎಂದರೆ ಸರದಿ. ಒಂದು ದಿನ ನನಗಿಂತ ಮುಂದೆ ಒಂದು ನಾಯಿ ಇತ್ತು. ಶಾಲೆಗೆ ಹೊತ್ತಾಯಿತು ಎಂದೆ.

"ಅಕ್ಕೋರೆ, ಅದು ಏಳು ಗಂಟೆಗೇ ಬಂದದೆ" ಎಂದರು.

ನನ್ನ ಹೆಗಲು ಒತ್ತುವಾಗಲೂ ಗೊಣಗಾಟವೇ. "ನೋವಿದ್ದಲ್ಲಿ ಮುಟ್ಟಿದ್ರೆ ಕುದುರೆ ಒದೀತದೆ. ನೀವು ನಗ್ತೀರಿ. ನಾ ಎಂತ ತಿಳ್ಕಳ್ಳೂದು?"

ಅಮದಳ್ಳಿಯ ಗಜು ಕಾರವಾರದ ಕಡಲತೀರದಲ್ಲಿ ಪ್ರವಾಸಿಗರನ್ನು ಕುದುರೆ ಹತ್ತಿಸುತ್ತಿದ್ದ. ರಾಣಿ ಎಂಬ ಆ ಹೆಣ್ಣು ಕುದುರೆಯ ಮೇಲೆಯೇ ದಿನಾ ಊರಿಂದ ಬರುತ್ತಿದ್ದ. ಅದು ಇದ್ದಕ್ಕಿದ್ದಂತೆ ಜೀನು ಕಂಡರೆ ಹಿಂಗಾಲು ಝಾಡಿಸತೊಡಗಿತು. ಸೊಕ್ಕು ಬಂದಿದೆ, ಮಾರಿಬಿಡು ಎಂದರು ಎಲ್ಲರೂ. ಬೆಳಗಾವಿಯವರಿಗೆ ಮಾತು ಕೊಟ್ಟೂ ಆಗಿತ್ತು. ಕ್ಲಿನಿಕ್ಕಿಗೆ ಬಂದು ಇದನ್ನೆಲ್ಲ ಹೇಳಿದ ಗಜು, ಕೊಡುವ ಮೊದಲು ಒಮ್ಮೆ ನೋಡಿ ಎಂದು ಕೇಳಿಕೊಂಡ.

ಮರುದಿನ ಶಾಲಿನಿಬಾಯಿ ನನ್ನನ್ನೂ ಕರೆದುಕೊಂಡು ತೀರಕ್ಕೆ ಹೋದರು. ರಾಣಿಯ ಬೆನ್ನಿನುದ್ದಕ್ಕೂ ಬೆರಳೊತ್ತಿದರು. ಬಲಗಡೆ ಬಂದಾಗ ಅದು ಚರ್ಮ ನಡುಗಿಸಿತು. "ತಮಾ, ಜೀನು ಬ್ಯಾಡ, ಹಾಂಗೇ ಹತ್ತು" ಎಂದರು ಗಜುವಿಗೆ. ಹತ್ತಿ ನಾಲ್ಕು ಹೆಜ್ಜೆ ಹೋದದ್ದೇ, "ಇಳಿ. ಅಂಗಿ ತೆಗಿ."

"ಬಾಯೋರೆ, ಹುಷಾರಿಲ್ಲದ್ದು ಕುದುರೆಗೆ, ನಂಗಲ್ಲ!"

"ನೀ ಬಲಕ್ಕೆ ವಾಲಿ ಕೂರ್ತೆ. ನಿನ್ನ ಸೊಟ್ಟ ಅದರ ಬೆನ್ನಿಗೆ ಬಂದದೆ. ಸೊಂಟ ಎಂತ ಮಾಡ್ಕಂಡೆ?"

ಹಿಂದೊಮ್ಮೆ ದೋಣಿಯಲ್ಲಿ ಜಾರಿ ಬಿದ್ದದ್ದನ್ನು ಅವನು ಮನೆಯಲ್ಲೂ ಹೇಳಿರಲಿಲ್ಲ. ಎರಡು ತಿಂಗಳು ಸವಾರಿ ಬಂದ್. ರಾಣಿಗೆ ದಿನಾ ಮಾಲೀಶು, ಮೊಣಕಾಲುದ್ದದ ನೀರಿನಲ್ಲಿ ನಡಿಗೆ. ಗಜುವಿಗೆ ಕ್ಲಿನಿಕ್ಕಿನ ಚಾಪೆಯ ಮೇಲೆ ವ್ಯಾಯಾಮ. ಅವನ ಕೂಗು ರಸ್ತೆಗೆ ಕೇಳುತ್ತಿತ್ತು; ರಾಣಿ ಮಾತ್ರ ಗೇಟಿನ ಹೊರಗೆ ನೆಮ್ಮದಿಯಿಂದ ಹುಲ್ಲು ತಿನ್ನುತ್ತಿತ್ತು. ಕೊನೆಗೊಂದು ಬೆಳಿಗ್ಗೆ ಅದು ಅಲ್ಲಾಡದೆ ನಿಂತು ಜೀನು ಹಾಕಿಸಿಕೊಂಡಿತು. ಗಜು ಬೆಳಗಾವಿಗೆ ಫೋನು ಮಾಡಿ, ಕುದುರೆ ಕೊಡುವುದಿಲ್ಲ ಎಂದ.

ಕೆಲವು ವರ್ಷಗಳ ಮೇಲೆ ಶಾಲಿನಿಬಾಯಿ ಬಚ್ಚಲಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಗಿತ್ತು. ಭಾವಿಕೇರಿಗೆ ನೋಡಲು ಹೋದೆ. ನಡೆಸಲೆಂದು ಬಂದ ಎಳೆಯ ಫಿಸಿಯೋಥೆರಪಿಸ್ಟ್ ಹುಡುಗಿ ವಾಕರ್ ಹಿಡಿದುಕೊಂಡು ಅಳುವುದೊಂದು ಬಾಕಿ. ಇವರದು ಒಂದೇ ಪಲ್ಲವಿ: "ಇವತ್ತು ಬ್ಯಾಡ ತಂಗಿ, ನಾಳೆ ಮಾಡ್ವಾ."

ಅಷ್ಟರಲ್ಲಿ ಕಿಟಕಿಯಾಚೆ ಒಬ್ಬ ಕುಂಟುವ ಎಮ್ಮೆಕರುವನ್ನು ಎಳೆದುಕೊಂಡು ಹೋದ. "ಏ, ನಿಲ್ಲೋ!" ಎಂದವರೇ ನನ್ನ ತೋಳು ಹಿಡಿದು ಎದ್ದರು. ಜಗಲಿ ದಾಟಿ ಅಂಗಳಕ್ಕೇ ಬಂದರು. ಏನೋ ಹೇಳಹೊರಟ ಹುಡುಗಿಗೆ ನಾನು ಕಣ್ಸನ್ನೆ ಮಾಡಿದೆ. ಬಗ್ಗಲಾಗದೆ, "ಅಕ್ಕೋರೆ, ಕಾಲು ಮುಟ್ಟಿ ನೋಡಿ, ಬಿಸಿ ಅದ್ಯಾ?" ಎಂದರು. ಜನ್ಮದಲ್ಲಿ ಎಮ್ಮೆ ಮುಟ್ಟದ ನಾನು ಮುಟ್ಟಿದೆ. ಬಿಸಿ ಇತ್ತು. ಕರುವಿನವನಿಗೆ ಬೈಗುಳ ಶುರುವಾಯಿತು.

ನಾನು ಅವರನ್ನು ನೋಡಿದ್ದು ಅದೇ ಕೊನೆ. ಅದೇ ವರ್ಷ ಮಳೆಗಾಲದಲ್ಲಿ ತೀರಿಕೊಂಡರು. ಅಂದು ಹತ್ತು ನಿಮಿಷ ಅಂಗಳದಲ್ಲಿ ಬೈಯುತ್ತಲೇ ಇದ್ದರು. ತಾವು ನಿಂತಿದ್ದೇವೆ ಎಂಬುದು ಅವರ ಗಮನಕ್ಕೇ ಬರಲಿಲ್ಲ.