ನೆಟ್ಟಗಾಗಿದ್ದ ಪಾದ

ಅಳವಂಡಿಯ ಹಿಟ್ಟಿನ ಗಿರಣಿಯಲ್ಲಿ ಶಿವಲೀಲಾ ಕೂತದ್ದನ್ನು ಕಂಡವರಿಲ್ಲ. ಜೋಳ ಸುರಿದು ಗಿರಣಿ ಚಾಲೂ ಮಾಡಿದರೆ, ಹಿಟ್ಟು ಬೀಳುವವರೆಗೂ ಬಾಗಿಲಿಗೂ ರಸ್ತೆಗೂ ಓಡಾಡುತ್ತಾಳೆ. ಕಾಲಿಗೆ ಚಕ್ರ ಕಟ್ಟಿಕೊಂಡವಳು ಎಂದು ಊರವರು ನಗುತ್ತಾರೆ. ನಗಲಿ ಬಿಡಿ. ಅವಳು ಹುಟ್ಟಾ ಹೀಗಿರಲಿಲ್ಲ; ಕೊರೊನಾ ಬಂದ ವರ್ಷ ಮನೆಯಲ್ಲಿ ಕೂತದ್ದಕ್ಕೇ ಹೀಗಾದಳು.

ಆ ಜನವರಿಯಲ್ಲಿ ಹುಟ್ಟಿದ ಮಗಳು ಅಮೃತಾಳ ಎಡಪಾದ ಒಳಕ್ಕೆ ತಿರುಚಿಕೊಂಡಿತ್ತು. ಗಾಬರಿಯಾಗಬೇಡಿ ಎಂದರು ಕೊಪ್ಪಳದ ಡಾಕ್ಟರು. ವಾರಕ್ಕೊಮ್ಮೆ ಪಾದವನ್ನು ಚೂರೇ ಚೂರು ತಿರುಗಿಸಿ ಪ್ಲಾಸ್ಟರು ಹಾಕುವುದು, ಕೊನೆಗೆ ಹಿಮ್ಮಡಿಯ ಮೇಲಿನ ಬಿಗಿ ನರವನ್ನು ಸಡಿಲಿಸುವುದು, ಆಮೇಲೆ ಕೆಲವು ವರ್ಷ ರಾತ್ರಿ ಹೊತ್ತು ವಿಶೇಷ ಬೂಟು. ಬೂಟು ಬಿಟ್ಟರೆ ಪಾದ ಹಳೆಯ ಹಾದಿ ಹಿಡಿಯುತ್ತದೆ ಎಂದು ಒತ್ತಿ ಹೇಳಿದ್ದರು. ಶಿವಲೀಲಾ ಒಂದು ವಾರವೂ ತಪ್ಪಿಸಲಿಲ್ಲ. ಮುಂದಿನ ವಾರ ನರ ಬಿಡಿಸೋಣ ಎಂದಾಗ ಹರಕೆ ಮುಟ್ಟಿಸಿದಷ್ಟು ಹಗುರಾಗಿ ಮನೆಗೆ ಬಂದಳು.

ಆ ಮುಂದಿನ ವಾರ ಬರಲೇ ಇಲ್ಲ. ಬಸ್ಸು ನಿಂತವು, ಊರ ದಾರಿಗೆ ಮುಳ್ಳುಕಂಟಿ ಬಿತ್ತು. ಆಸ್ಪತ್ರೆಗೆ ಫೋನು ಹಚ್ಚಿದರೆ, ಸದ್ಯ ಕೊರೊನಾ ಬಿಟ್ಟು ಬೇರೇನೂ ನೋಡುತ್ತಿಲ್ಲ, ಪ್ಲಾಸ್ಟರು ಬಿಗಿಯಾದರೆ ಬಿಸಿನೀರಲ್ಲಿ ನೆನೆಸಿ ಬಿಚ್ಚಿ, ಶುರುವಾದಾಗ ಕರೆಯುತ್ತೇವೆ ಎಂದರು. ಕರೆಯಲಿಲ್ಲ. ಕೂಸಿನ ಬೆರಳು ಬಾತು ನೀಲಿಗಟ್ಟಿದಾಗ ಅವಳೇ ನೆನೆಸಿ, ಸುತ್ತು ಸುತ್ತಾಗಿ ಬಿಚ್ಚಿದಳು.

ಒಳಗಿದ್ದ ಪಾದ ನೆಟ್ಟಗಿತ್ತು. ಅತ್ತೆ ವಿರೂಪಾಕ್ಷಮ್ಮ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು, ಬೆಳ್ಳಿಯ ಗೆಜ್ಜೆ ತಂದು ಕೂಸಿನ ಕಾಲಿಗೆ ತೊಡಿಸಿದರು. ಓಣಿಯ ಹೆಂಗಸರು ಹೊಸ್ತಿಲಾಚೆ ನಿಂತೇ ನೋಡಿ ಹೋದರು. ನರ ಬಿಡಿಸಿ ಬೂಟು ಹಾಕಿಸುವ ಮಾತು ಎತ್ತಿದ ಶಿವಲೀಲಾಗೆ ಗಂಡ ಕಲ್ಲೇಶ ಸಮಾಧಾನವಾಗಿಯೇ ಹೇಳಿದ.

"ಕಾಲು ನೆಟ್ಟಗ ಐತಿ. ಇಷ್ಟ ಸಣ್ಣ ಕೂಸಿನ್ನ ದವಾಖಾನಿಗೆ ಒಯ್ದು ಇಲ್ಲದ ರೋಗ ಹಚ್ಚಸ್ತೀಯೇನು?"

ಕೆಟ್ಟ ಮಾತೇನಲ್ಲ. ಕಣ್ಣೆದುರು ನೆಟ್ಟಗಿನ ಪಾದ, ಟಿವಿಯಲ್ಲಿ ಬೆಳಗಾದರೆ ಹೆಣದ ಸುದ್ದಿ. ಯಾರಾದರೂ ಹಾಗೇ ಅನ್ನುತ್ತಿದ್ದರು. ಶಿವಲೀಲಾಗೂ ಹೌದೆನಿಸಿತು, ಕೂತಳು. ಕಣ್ಣು ಮಾತ್ರ ಪಾದ ಬಿಡಲಿಲ್ಲ. ಎಣ್ಣೆ ತಿಕ್ಕುವಾಗ ಹಿಮ್ಮಡಿ ಮೇಲಕ್ಕೆ ಸರಿಯುತ್ತಿರುವುದು ಅವಳ ಕೈಗೇ ಮೊದಲು ಗೊತ್ತಾಯಿತು. ಹೇಳಿದರೆ, ನಿನಗೆ ಸಂಶಯದ ಜಡ್ಡು ಎಂದರು. ಮೊಹರಂ ಹೊತ್ತಿಗೆ ಹೆಬ್ಬೆರಳು ಒಳಕ್ಕೆ ತಿರುಗಿತ್ತು. ಅಂದು ಯಾರನ್ನೂ ಕೇಳದೆ ಕೂಸನ್ನೆತ್ತಿಕೊಂಡು, ಉಳ್ಳಾಗಡ್ಡಿ ಹೇರಿದ ಗಾಡಿ ಹತ್ತಿ ಕೊಪ್ಪಳಕ್ಕೆ ಹೋದಳು. ಪ್ಲಾಸ್ಟರಿನ ಕೋಣೆಗೆ ಬೀಗ ಬಿದ್ದಿತ್ತು.

ಬೀಗ ತೆಗೆದು, ಮತ್ತೆ ಮೊದಲಿನಿಂದ ಶುರು ಮಾಡಿ, ಅರ್ಧಕ್ಕೆ ಬರುವಷ್ಟರಲ್ಲಿ ಎರಡನೆಯ ಅಲೆ ಬಂತು. ಅಮೃತಾ ಪಾದದ ಅಂಚಿನ ಮೇಲೆಯೇ ನಡೆಯಲು ಕಲಿತಳು. ಮೂರು ತುಂಬಿದ ಮೇಲೆ ಆಪರೇಶನ್ ಆಗಿ ಪಾದವೇನೋ ನೆಲಕ್ಕೆ ಊರಿತು, ಆದರೆ ಕಟ್ಟಿಗೆಯಷ್ಟು ಬಿರುಸು. ಕುಕ್ಕರಗಾಲಲ್ಲಿ ಕೂಡಲಾರಳು, ಓಡಲಾರಳು.

ಈಗ ಒಂದನೆಯ ತರಗತಿ. ಮೊನ್ನೆ ಶಾಲೆ ಬಿಟ್ಟು ಗಿರಣಿಗೆ ಬಂದವಳು ಜೋಳದ ಚೀಲದ ಮೇಲೆ ಕೂತು, ನನ್ನ ಕಾಲು ಹುಟ್ಟುತ್ತಲೇ ಹೀಗಿತ್ತಂತೆ, ಅಜ್ಜಿ ಹೇಳಿದಳು, ಖರೇ ಏನು ಎಂದು ಕೇಳಿದಳು. ಹೂಂ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಶಿವಲೀಲಾ ಅನ್ನಲಿಲ್ಲ.

"ಹುಟ್ಟಿದಾಗ ಸೊಟ್ಟ ಇತ್ತವ್ವ. ಆಮ್ಯಾಲ ನೆಟ್ಟಗ ಆಗಿತ್ತು. ನಾನ ನೋಡೇನಿ."

"ಮತ್ತ ಯಾರು ಸೊಟ್ಟ ಮಾಡಿದ್ರು?"

ರೋಗ ಅನ್ನಲೇ, ಡಾಕ್ಟರು ಅನ್ನಲೇ, ನಿಮ್ಮಪ್ಪ ಅನ್ನಲೇ?

"ಯಾರೂ ಮಾಡ್ಲಿಲ್ಲವ್ವ," ಎಂದಳು. "ಎಲ್ಲಾರೂ ನೆಟ್ಟಗ ಐತಿ ಅಂದ್ವಿ."

ಮಗಳಿಗೆ ಅದು ತಿಳಿಯಲಿಲ್ಲ. ಮತ್ತೆ ಅದನ್ನೇ ಕೇಳಿದಳು.