ಗೆರೆಯಕ್ಕ ಖಾಲಿ ಬಿಟ್ಟ ಅರ್ಧ ಪುಟ

ಸರಕಾರಿ ಆಸ್ಪತ್ರೆಯ ಆಡಳಿತ ಮಂಡಳಿಯಲ್ಲಿ ನಡಾವಳಿ ಬರೆಯುವುದೇನು ಮಹಾ ಕೆಲಸ ಅಂತ ನಿಮಗನ್ನಿಸಿದರೆ, ದಯವಿಟ್ಟು ಗೆರೆಯಕ್ಕನ ಎದುರು ಮಾತ್ರ ಹಾಗನ್ನಬೇಡಿ. ಇಪ್ಪತ್ತಾರು ವರ್ಷ ಅದೇ ಉದ್ದನೆಯ ಮೇಜಿನ ತುದಿಯಲ್ಲಿ ಕೂತು, ಯಾರು ಏನು ಹೇಳಿದರು, ಏನು ತೀರ್ಮಾನವಾಯಿತು ಎಂದು ದಪ್ಪ ರಟ್ಟಿನ ಪುಸ್ತಕದಲ್ಲಿ ಬರೆದವಳು ಅವಳು. ಪುಟದಲ್ಲಿ ಜಾಗ ಉಳಿದರೆ ಮೂಲೆಯಿಂದ ಮೂಲೆಗೆ ಗೆರೆ ಎಳೆದುಬಿಡುತ್ತಿದ್ದಳು, ಆಮೇಲೆ ಯಾರೂ ಅಲ್ಲಿ ಏನನ್ನೂ ತುರುಕಬಾರದೆಂದು. ಹೆಸರು ಬಂದದ್ದೇ ಹಾಗೆ. ಇನ್ನೊಂದು ಕಟ್ಟಳೆಯೂ ಅವಳದೇ: ಬರೆದದ್ದನ್ನು ಗಟ್ಟಿಯಾಗಿ ಓದಿ, ಸಹಿ ಬೀಳುವವರೆಗೆ ಚಹಾ ಒಳಗೆ ಬರುವಂತಿಲ್ಲ. ಎಂಥೆಂಥ ಘಟಾನುಘಟಿಗಳೂ ಬಾಯಿ ಒಣಗಿಸಿಕೊಂಡು ಕಾದಿದ್ದಾರೆ.

ಅಂಥವಳೂ ಒಮ್ಮೆ ಎಡವಿದಳು. ಅವತ್ತು ಮಂಡಳಿಯ ಅಧ್ಯಕ್ಷರಿಗೆ ಮಗಳ ಮನೆಗೆ ಹೊರಡುವ ಅವಸರ. "ಓದೋದೆಲ್ಲ ಮುಂದಿನ ಸಲ ನೋಡ್ಕೊಳ್ಳೋಣ, ಚಹಾ ತರಿಸಮ್ಮ" ಎಂದರು. ಇವಳಿಗೂ ಹಲ್ಲುನೋವು, ಜೀವ ಹೈರಾಣಾಗಿತ್ತು. ಹೂಂ ಅಂದುಬಿಟ್ಟಳು. ಓದಲಿಲ್ಲ, ಸಹಿ ಹಾಕಿಸಲಿಲ್ಲ, ಅರ್ಧ ಪುಟ ಖಾಲಿ ಬಿಟ್ಟು ಪುಸ್ತಕ ಮುಚ್ಚಿದಳು.

ಹತ್ತೇ ದಿನಕ್ಕೆ ಮಕ್ಕಳ ವಾರ್ಡಿನ ಚಾವಣಿಯಿಂದ ಗಾರೆ ಕಿತ್ತು ಖಾಲಿ ಮಂಚವೊಂದರ ಮೇಲೆ ಬಿತ್ತು. ಆಸ್ಪತ್ರೆಯ ನಿರ್ದೇಶಕರು ಯಾರನ್ನೂ ಕೇಳುತ್ತಾ ಕೂರಲಿಲ್ಲ. ತಾವೇ ಮುಂದೆ ನಿಂತು ಮೂವತ್ತೊಂದು ಮಕ್ಕಳನ್ನು ಹೊಸ ಕಟ್ಟಡಕ್ಕೆ, ಮಂಡಳಿ ಕಣ್ಣಿನ ವಿಭಾಗಕ್ಕೆಂದು ಮೀಸಲಿಟ್ಟಿದ್ದ ಮಹಡಿಗೆ, ಸಾಗಿಸಿದರು. ಮರುದಿನ ಮಧ್ಯಾಹ್ನ ಅರ್ಧ ಚಾವಣಿಯೇ ಕುಸಿಯಿತು. ಒಂದು ಮಗುವಿಗೂ ಗೀರು ತಗುಲಲಿಲ್ಲ.

ತುರ್ತಿನಲ್ಲಿ ನಿರ್ದೇಶಕರು ತಾವೇ ತೀರ್ಮಾನಿಸಬಹುದು, ಆದರೆ ಏಳು ದಿನದೊಳಗೆ ಮಂಡಳಿಗೆ ಬರೆದು ತಿಳಿಸಬೇಕು ಎಂಬುದು ನಿಯಮ. ಓಡಾಟದ ಗಡಿಬಿಡಿಯಲ್ಲಿ ಅವರು ತಿಳಿಸಲಿಲ್ಲ. ಮೂರು ವಾರದ ಮೇಲೆ ಸುದ್ದಿ ಕೇಳಿದ ಅಧ್ಯಕ್ಷರು ಕೆಂಡವಾದರು.

ಸಭೆಯ ಹಿಂದಿನ ದಿನ ನಿರ್ದೇಶಕರು ಗೆರೆಯಕ್ಕನನ್ನು ಕೋಣೆಗೆ ಕರೆಸಿದರು.

"ಅಕ್ಕಾ, ಕಳೆದ ಸಭೆಯ ಪುಟದಲ್ಲಿ ಜಾಗ ಇದೆಯಂತಲ್ಲ. ಅಗತ್ಯ ಬಿದ್ರೆ ವಾರ್ಡ್ ಬದಲಾಯಿಸೋಕೆ ಮಂಡಳಿ ಒಪ್ಪಿದೆ ಅಂತ ಎರಡು ಸಾಲು ಬರೆದುಬಿಡಿ. ಅವತ್ತಿನ ಅವಸರದಲ್ಲಿ ಯಾರಿಗೆ ಏನು ನೆನಪಿರುತ್ತೆ?"

ಅವಳ ನಿವೃತ್ತಿಗೆ ಇನ್ನು ಐದು ತಿಂಗಳು. ಈ ಮನುಷ್ಯ ಒಂದು ಚೀಟಿ ಬರೆದರೆ ಸಾಕು, ಆ ಐದು ತಿಂಗಳು ನೆಲಮಾಳಿಗೆಯಲ್ಲಿ ಹಳೆಯ ಎಕ್ಸ್‌ರೇ ಕಟ್ಟುಗಳ ನಡುವೆ ಕಳೆಯಬೇಕು; ಪುಸ್ತಕ ಬೇರೆ ಯಾರದೋ ಕೈಗೆ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಅವರ ಮೇಲೆ ಅವಳಿಗೆ ಬೆಟ್ಟದಷ್ಟು ಗೌರವವಿತ್ತು.

"ಮಕ್ಕಳನ್ನ ಉಳಿಸಿದ್ದೀರಿ ಸರ್. ಅಂಥ ಒಳ್ಳೇ ಕೆಲಸಕ್ಕೆ ಸುಳ್ಳಿನ ಊರುಗೋಲು ಯಾಕೆ? ನಾನು ಬರೆಯಲ್ಲ."

"ನಾಳೆ ಅಧ್ಯಕ್ಷರು ನನ್ನ ಕೈ ಕಟ್ಟಿ ಹಾಕ್ತಾರೆ. ಆಮೇಲೆ ಒಂದು ಮಂಚ ಸರಿಸೋಕೂ ಸಭೆ ಕರೀಬೇಕು. ಗೊತ್ತಾ?"

"ಗೊತ್ತು ಸರ್. ಆದ್ರೂ ಬರೆಯಲ್ಲ."

ನಿರ್ದೇಶಕರು "ಇದನ್ನ ನಾನು ಮರೆಯಲ್ಲ" ಎಂದರು.

ಮನೆಗೆ ಬಂದು ಅತ್ತೆಯ ಮುಂದೆ ಎಲ್ಲ ಹೇಳಿಕೊಂಡಳು. ಅತ್ತೆ ಅದೇ ಮಕ್ಕಳ ವಾರ್ಡಿನಲ್ಲಿ ಮೂವತ್ತು ವರ್ಷ ಆಯಾ ಆಗಿದ್ದವರು. ಎದ್ದು ಹೋಗಿ ಪೆಟ್ಟಿಗೆಯಿಂದ ಸ್ವೆಟರ್ ತೆಗೆದು ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದರು. "ನೆಲಮಾಳಿಗೆಯಲ್ಲಿ ಥಂಡಿ ಜಾಸ್ತಿ. ಹಾಕ್ಕೊಂಡು ಹೋಗು, ತಲೆ ಎತ್ಕೊಂಡು ಹೋಗು." ಹೇಳಿ, ಸೊಸೆಗೆ ಒಂದು ತುತ್ತು ಜಾಸ್ತಿಯೇ ಬಡಿಸಿದರು.

ಮರುದಿನ ಸಭೆ ಶುರುವಾಗುತ್ತಲೇ ಗೆರೆಯಕ್ಕ ಎದ್ದು ನಿಂತಳು. "ಕಳೆದ ಸಲ ಓದದೆ, ಅರ್ಧ ಪುಟ ಖಾಲಿ ಬಿಟ್ಟಿದ್ದು ನನ್ನ ತಪ್ಪು" ಎಂದು, ಬರೆದಿದ್ದಷ್ಟನ್ನು ಓದಿ, ಎಲ್ಲರ ಕಣ್ಣೆದುರೇ ಗೆರೆ ಎಳೆದು, ಸಹಿ ಹಾಕಿಸಿಕೊಂಡಳು. ನಿರ್ದೇಶಕರು ತಲೆ ತಗ್ಗಿಸಿ ಕೂತಿದ್ದರು.

ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. "ಬರ್ಕೊಳಮ್ಮ. ಇನ್ಮೇಲೆ ಮಂಡಳಿ ಒಪ್ಪಿಗೆ ಇಲ್ದೆ ನಿರ್ದೇಶಕರು ಒಂದು ಮಂಚಾನೂ ಕದಲಿಸೋ ಹಾಗಿಲ್ಲ."

"ಬರೀತೀನಿ ಸರ್. ಅದಕ್ಕೆ ಮುಂಚೆ ಇದೇ ವಾರ್ಡಿನ ವಿಷಯ ಹಳೇ ಪುಟದಲ್ಲಿದೆ, ಓದ್ಲಾ?"

ಓದು ಅಂದರು. ಓದಿದಳು: ಮಕ್ಕಳ ವಾರ್ಡಿನ ಚಾವಣಿ ಬಿರುಕು ಬಿಟ್ಟಿದೆ ಎಂದು ನಿರ್ದೇಶಕರು ವರದಿ ಮಂಡಿಸಿದರು. ಸಮಯದ ಅಭಾವದಿಂದ ಮುಂದಿನ ಸಭೆಗೆ ಇಡಲಾಯಿತು. ಪುಟ ತಿರುಗಿಸಿದಳು: ಮುಂದಿನ ಸಭೆಗೆ ಇಡಲಾಯಿತು. ಮತ್ತೆ ತಿರುಗಿಸಿದಳು: ಮುಂದಿನ ಸಭೆಗೆ ಇಡಲಾಯಿತು. ಮೂರರ ಕೆಳಗೂ ಅಧ್ಯಕ್ಷರದೇ ಸಹಿ.

ಮೊದಲು ಎದ್ದವರು ನಿರ್ದೇಶಕರು. "ಏಳು ದಿನದೊಳಗೆ ತಿಳಿಸ್ಬೇಕಿತ್ತು. ತಿಳಿಸ್ಲಿಲ್ಲ. ನನ್ನ ತಪ್ಪು ಅಂತ ಬರ್ಕೊಳ್ಳಿ."

ಅಧ್ಯಕ್ಷರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಮೂರು ಸಲ ಮುಂದಕ್ಕೆ ಹಾಕಿದ್ದು ನಮ್ಮ ತಪ್ಪು. ಅದನ್ನೂ ಬರಿ ತಾಯಿ. ಮಂಚದ ಮಾತು ಬಿಡು."

ತುರ್ತಿನ ಅಧಿಕಾರ ನಿರ್ದೇಶಕರಲ್ಲೇ ಉಳಿಯಿತು, ಏಳು ದಿನದ ನಿಯಮವೂ ಹಾಗೇ ಉಳಿಯಿತು. ರೋಗಿಗಳ ಜೀವಕ್ಕೆ ಸಂಬಂಧಿಸಿದ ವರದಿಯನ್ನು ಮುಂದಕ್ಕೆ ಹಾಕುವಂತಿಲ್ಲ ಎಂಬ ಒಂದು ಸಾಲು ಹೊಸದಾಗಿ ಸೇರಿತು. ಈಗಲೂ ಪುಸ್ತಕ ತೆಗೆದು ನೋಡಬಹುದು.

ಐದು ತಿಂಗಳು ಯಾವ ಚೀಟಿಯೂ ಬರಲಿಲ್ಲ. ಸ್ವೆಟರ್ ಮೊಳೆಯಲ್ಲೇ ನೇತಾಡಿತು. ಕೊನೆಯ ದಿನದ ಸಭೆಯಲ್ಲಿ ಅವಳು ಬರೆದು, ಓದಿ ಮುಗಿಸುವ ಹೊತ್ತಿಗೆ ಕಾಲು ಪುಟ ಉಳಿದಿತ್ತು. ಅಳತೆಪಟ್ಟಿ ಹುಡುಕುತ್ತಿದ್ದಾಗ ನಿರ್ದೇಶಕರು ಪುಸ್ತಕವನ್ನು ತಮ್ಮತ್ತ ಎಳೆದುಕೊಂಡರು. "ಮರೆಯಲ್ಲ ಅಂದಿದ್ದೆನಲ್ಲ ಅಕ್ಕಾ" ಎಂದು, ಮೂಲೆಯಿಂದ ಮೂಲೆಗೆ ತಾವೇ ಗೆರೆ ಎಳೆದು, ಸಹಿ ಹಾಕಿ, ಅಧ್ಯಕ್ಷರ ಕಡೆ ಸರಿಸಿದರು.

ಕ್ಯಾಂಟೀನಿನವನು ಬಾಗಿಲಲ್ಲಿ ಇಣುಕಿದ. ಅಧ್ಯಕ್ಷರು ಪೆನ್ನು ಹಿಡಿದ ಕೈಯಲ್ಲೇ ಅವನನ್ನು ತಡೆದರು. "ತಡಿಯಪ್ಪಾ, ನನ್ನ ಸಹಿ ಇನ್ನೂ ಆಗಿಲ್ಲ."